ಕಾಫಿಯ ಊರಿನ ಹೆಸರು: ಸೇರ್ವರಾಯನ್ ಬೆಟ್ಟದಿಂದ ಬಾಬಾಬುಡನ್‌ಗಿರಿಯವರೆಗೆ

ಗಡಿನಾಡಿನಲ್ಲಿ ಬಾಳುವ ನಮಗೆ ಊರಿನ ಹೆಸರಿನ ಬೆಲೆ ಚೆನ್ನಾಗಿ ತಿಳಿದಿದೆ. ಹೊಸೂರು, ಬಾಗಲೂರು, ಕೆಲಮಂಗಲ, ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ಶೂಲಗಿರಿ ಎಂಬ ಹೆಸರುಗಳನ್ನು ಕನ್ನಡ, ತೆಲುಗು, ತಮಿಳು ಮೂರೂ ನುಡಿಗಳವರು ತಮ್ಮ ತಮ್ಮ ಉಚ್ಚಾರದಲ್ಲಿ ಕರೆಯುತ್ತಾರೆ. ಆಡಳಿತದ ಹೆಸರುಗಳು ಮಾತ್ರ ಕಾಲಕಾಲಕ್ಕೆ ಬದಲಾಗಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೃಷ್ಣಗಿರಿಯನ್ನು ಒಳಗೊಂಡ ಬಾರಾಮಹಲ್ ಪ್ರದೇಶವು ಟಿಪ್ಪು ಸುಲ್ತಾನನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಬಾಲಾಘಾಟ್ ಎನಿಸಿಕೊಂಡಿದ್ದ ಹೊಸೂರು ಸೀಮೆ 1799ರಲ್ಲಿ ಅದೇ ದಾರಿ ಹಿಡಿಯಿತು. ಮುಂದೆ ಇವೆರಡೂ ಸೇಲಂ ಜಿಲ್ಲೆಯ ಭಾಗಗಳಾದವು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿದವು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾದವು. ನೆಲ ಕದಲಲಿಲ್ಲ, ಹೆಸರು ಕದಲಿತು.

ಇಂತಹ ನೆಲದಲ್ಲಿ ಕುಳಿತು ನಾವು ಪ್ರತಿದಿನ ಬೆಳಗ್ಗೆ ಕುಡಿಯುವ ಕಾಫಿಯ ಊರು ಯಾವುದು ಎಂದು ಕೇಳಿಕೊಳ್ಳುವುದು ಅನುಚಿತವಾಗಲಾರದು. ನಮ್ಮ ಮನೆಗಳಲ್ಲಿ ‘ಯಾವ ಅಂಗಡಿಯ ಪುಡಿ?’ ಎಂಬ ಪ್ರಶ್ನೆ ಇದೆ. ‘ಯಾವ ಬೆಟ್ಟದ ಬೀಜ?’ ಎಂಬ ಪ್ರಶ್ನೆ ಇತ್ತೀಚಿನದು. ಬೆಂಗಳೂರಿನ ಹೊಸ ಕಾಫಿ ಅಂಗಡಿಗಳು ಪೊಟ್ಟಣದ ಮೇಲೆ ತೋಟದ ಹೆಸರು, ಬೆಟ್ಟದ ಎತ್ತರ, ಗಿಡದ ತಳಿ ಎಲ್ಲವನ್ನೂ ಅಚ್ಚುಹಾಕಿ ‘ಸಿಂಗಲ್ ಒರಿಜಿನ್’, ಅಂದರೆ ಒಂದೇ ಮೂಲದ ಕಾಫಿ, ಎಂದು ಮಾರುತ್ತಿವೆ. ಅವುಗಳಲ್ಲಿ ಕೆಲವು ‘ಡಿಕ್ಯಾಫ್’, ಎಂದರೆ ಕೆಫೀನ್ ತೆಗೆದ ಕಾಫಿ. ವೈದ್ಯರು ಕಾಫಿ ಬಿಡಿ ಎಂದಿರುವ ಹಿರಿಯರು ಪ್ರತಿ ಮನೆಯಲ್ಲೂ ಇರುವುದರಿಂದ ಈ ಎರಡನೆಯ ಮಾತು ನಮಗೆ ಕೇವಲ ಕುತೂಹಲದ ವಿಷಯವಲ್ಲ. ಕಾಫಿಯ ಊರಿನ ಹೆಸರು ಹೇಗೆ ಹುಟ್ಟಿತು, ಹೇಗೆ ಅಳಿಸಿತು, ಮತ್ತೆ ಹೇಗೆ ಮರಳಿತು ಎಂಬುದನ್ನು ಈ ಲೇಖನದಲ್ಲಿ ಸ್ಥೂಲವಾಗಿ ನಿರೂಪಿಸಲು ಪ್ರಯತ್ನಿಸಿದ್ದೇವೆ.

ನಮ್ಮ ಹಳೆಯ ಜಿಲ್ಲೆಯ ಕಾಫಿ

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರವೊಂದನ್ನೇ ನೋಡಿದರೆ ಇಲ್ಲಿ ಕಾಫಿ ಬೆಳೆಯಬಹುದಿತ್ತೆಂದು ತೋರುತ್ತದೆ. ಆದರೆ ಕಾಫಿ ಗಿಡಕ್ಕೆ ಬೇಕಾದದ್ದು ಎತ್ತರ ಮಾತ್ರವಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮೊಗ್ಗು ಅರಳಿಸುವ ಹೂಮಳೆ ಬೇಕು, ಆ ಬಳಿಕ ಕಾಯಿ ಕಟ್ಟಲು ಮತ್ತೊಂದು ಮಳೆ ಬೇಕು, ಮುಂಗಾರು ಧಾರಾಳವಾಗಿರಬೇಕು, ಮರಗಳ ನೆರಳು ಬೇಕು. ನಮ್ಮ ಸೀಮೆಯ ಮಳೆ ರಾಗಿ, ಹುರುಳಿ, ಹುಣಿಸೆ, ಮಾವುಗಳನ್ನು ಸಾಕುವಷ್ಟು ಮಾತ್ರ. ಆದ್ದರಿಂದ ನಮ್ಮ ಹೊಲದಲ್ಲಿ ಕಾಫಿ ಇಲ್ಲ.

ಆದರೂ ನಮ್ಮ ಹಳೆಯ ಸೇಲಂ ಜಿಲ್ಲೆಗೆ ತನ್ನದೇ ಆದ ಕಾಫಿ ಬೆಟ್ಟವೊಂದಿತ್ತು. ಅದೇ ಏರ್ಕಾಡು ಇರುವ ಸೇರ್ವರಾಯನ್ ಬೆಟ್ಟ. 1820ರ ದಶಕದಲ್ಲಿ ಸೇಲಂನ ಕಲೆಕ್ಟರಾಗಿದ್ದ ಎಂ.ಡಿ. ಕಾಕ್‌ಬರ್ನ್ ಅಲ್ಲಿ ಕಾಫಿ ಗಿಡಗಳನ್ನು ನೆಡಿಸಿದನು. ಸೇಬು, ಕಿತ್ತಳೆ ಮುಂತಾದ ಹಣ್ಣುಗಳನ್ನು ಆ ಬೆಟ್ಟಕ್ಕೆ ತಂದವನೂ ಅವನೇ ಎಂದು ಹೇಳಲಾಗುತ್ತದೆ. ಅಂದಿನ ಸೇಲಂ ಜಿಲ್ಲೆಯ ಕಲೆಕ್ಟರರು ತಂಪು ಹವೆಯನ್ನು ಅರಸಿ ಹೊಸೂರಿನಲ್ಲಿಯೂ ಕೆಲಕಾಲ ವಾಸವಾಗಿದ್ದುದು ನಮ್ಮ ಊರಿನ ಚರಿತ್ರೆ ಬಲ್ಲವರಿಗೆ ತಿಳಿದೇ ಇದೆ. ಹೀಗೆ ಒಂದೇ ಜಿಲ್ಲೆಯ ಉತ್ತರದ ತುದಿಯಲ್ಲಿ ರಾಗಿ, ದಕ್ಷಿಣದ ಬೆಟ್ಟದ ಮೇಲೆ ಕಾಫಿ. ಇಂದಿಗೂ ಕಾಫಿ ಮಂಡಳಿಯು ಗುರುತಿಸಿರುವ ಭಾರತದ ಹದಿಮೂರು ಕಾಫಿ ಪ್ರದೇಶಗಳಲ್ಲಿ ‘ಶೆವರಾಯ್ಸ್’ ಒಂದು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಮಂಜರಾಬಾದ್, ಬಿಳಿಗಿರಿ ಎಂಬ ಐದು ಹೆಸರುಗಳು ಕರ್ನಾಟಕದವು. ನೀಲಗಿರಿ, ಪಳನಿ, ಆನೆಮಲೆಗಳು ತಮಿಳುನಾಡಿನವು. ಹೊಸೂರಿನಿಂದ ಹೊರಟರೆ ಒಂದು ದಿನದ ಪಯಣದೊಳಗೆ ಇವುಗಳಲ್ಲಿ ಒಂದಾದರೂ ಬೆಟ್ಟ ಸಿಕ್ಕುತ್ತದೆ.

ಬೀಜ ಬದಲಾಯಿತು, ಹೆಸರು ಉಳಿಯಿತು

ಬಾಬಾ ಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ‘ಮೋಕಾ ಕಾಫಿ’ ಎಂದು ಜಗತ್ತು ಕರೆದದ್ದು ಬೆಳೆದ ಊರಿನ ಹೆಸರಿನಿಂದಲ್ಲ. ಕಾಫಿ ಬೆಳೆಯುತ್ತಿದ್ದುದು ಯೆಮೆನ್‌ನ ಒಳನಾಡಿನ ಬೆಟ್ಟಗಳಲ್ಲಿ; ಮೋಕಾ ಅದನ್ನು ಹಡಗಿಗೆ ತುಂಬಿದ ಬಂದರು. ಅಂದರೆ ಕಾಫಿಯ ಇತಿಹಾಸದ ಆರಂಭದಲ್ಲಿಯೇ ಬೆಳೆದವನ ಊರಿನ ಜಾಗದಲ್ಲಿ ಮಾರಿದವನ ಊರಿನ ಹೆಸರು ಬಂದು ಕುಳಿತಿತು.

ಬಾಬಾಬುಡನ್‌ಗಿರಿಯ ಬೀಜದಿಂದ ಹರಡಿದ ತಳಿಗೆ ಪ್ಲಾಂಟರುಗಳು ‘ಚಿಕ್’ ಎಂಬ ಹೆಸರಿಟ್ಟರು. ಅದು ಚಿಕ್ಕಮಗಳೂರು ಎಂಬ ಹೆಸರಿನ ಮೊದಲ ತುಣುಕು. ಸುಮಾರು 1830ರಲ್ಲಿ ಥಾಮಸ್ ಕ್ಯಾನನ್ ಎಂಬವನು ಬಾಬಾಬುಡನ್ ಬೆಟ್ಟಗಳ ದಕ್ಷಿಣಕ್ಕೆ ತೋಟ ಮಾಡಿದನು. 1843ರಲ್ಲಿ ಮಂಜರಾಬಾದಿನಲ್ಲಿ, ಎಂದರೆ ಇಂದಿನ ಸಕಲೇಶಪುರದ ಕಡೆ, ಗ್ರೀನ್ ಎಂಬವನ ತೋಟ ಎದ್ದಿತು. 1850ರ ದಶಕದಲ್ಲಿ ಅದೇ ಸೀಮೆಗೆ ಬಂದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಎಂಬ 1894ರ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಒಂದೇ ಮೂಲದ ಕಾಫಿ ಎಂದರೇನು ಎಂಬ ಇಂದಿನ ಪ್ರಶ್ನೆಗೆ ಆ ಹಳೆಯ ಗ್ರಂಥದಲ್ಲಿ ಒಂದು ಉತ್ತರವಿದೆ.

1860ರ ದಶಕದಲ್ಲಿ ಕಾಂಡ ಕೊರೆಯುವ ಹುಳು, ಎಂದರೆ ಬೋರರ್, ಮೈಸೂರಿನ ತೋಟಗಳನ್ನು ಹಾಳುಮಾಡಿತು. ಅದರ ಹಿಂದೆಯೇ ಎಲೆತುಕ್ಕು ರೋಗ ಬಂದಿತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಾಫಿಯನ್ನು ನಿರ್ನಾಮ ಮಾಡಿ ಆ ದ್ವೀಪವನ್ನು ಚಹಾದ ನಾಡಾಗಿ ಮಾರ್ಪಡಿಸಿತು. ಮೈಸೂರಿನ ‘ಚಿಕ್’ ತಳಿ ಸೊರಗಿದಾಗ ಪ್ಲಾಂಟರುಗಳು ಕೊಡಗಿನಿಂದ ಬೀಜ ತಂದು ನೆಟ್ಟರು. ಲಂಡನ್ನಿನ ದಲ್ಲಾಳಿಗಳು ಈ ಹೊಸ ಬೀಜದ ಕಾಫಿಯನ್ನು ಮೊದಮೊದಲು ಒಪ್ಪಲಿಲ್ಲ. ಹಳೆಯ ಮೈಸೂರು ಕಾಫಿಯ ಹೆಸರೇ ಕೆಟ್ಟೀತೆಂಬ ಭಯವಿತ್ತು. ಆದರೆ ಗಿಡಗಳಿಗೆ ವಯಸ್ಸಾಗುತ್ತ ಬಂದಂತೆ ಅವುಗಳ ಬೀಜ ವರ್ಷವರ್ಷಕ್ಕೂ ಹಳೆಯ ಮೈಸೂರು ಕಾಫಿಯ ಗುಣವನ್ನೇ ಹೋಲತೊಡಗಿತೆಂದು ಎಲಿಯಟ್ ದಾಖಲಿಸಿದ್ದಾನೆ. ರುಚಿಗೆ ಬೀಜವೊಂದೇ ಕಾರಣವಲ್ಲ. ಮಣ್ಣು, ನೆರಳು, ಮಳೆ, ಗಿಡದ ವಯಸ್ಸು ಎಲ್ಲವೂ ಸೇರಿ ಊರಿನ ರುಚಿಯಾಗುತ್ತದೆ ಎಂಬುದನ್ನು ತೋಟದವರು ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು.

ಮುಂದಿನ ಕಾಲದಲ್ಲಿಯೂ ಗಿಡಗಳು ಬದಲಾಗುತ್ತಲೇ ಹೋದವು. 1911ರಲ್ಲಿ ದೊಡ್ಡೇನಗುಡ್ಡ ತೋಟದಲ್ಲಿ ಎಲ್.ಪಿ. ಕೆಂಟ್ ಆರಿಸಿದ ಒಂದು ಗಿಡದ ಸಂತತಿ ‘ಕೆಂಟ್ಸ್’ ಎಂಬ ಹೆಸರಿನಿಂದ ಪೂರ್ವ ಆಫ್ರಿಕದವರೆಗೂ ಹರಡಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ ಅವರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿ ಕೆಂಟ್ಸ್ ಹಾಗೂ ಎಸ್. 288 ತಳಿಗಳ ಸಂಕರದಿಂದ ಹುಟ್ಟಿದ ಎಸ್. 795 ತಳಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ಇಂದಿಗೂ ನಮ್ಮ ಅರೇಬಿಕ ತೋಟಗಳಲ್ಲಿ ಅದು ಬಹು ಪ್ರಿಯವಾದ ಗಿಡ. ಇಂಡೋನೇಷ್ಯದಲ್ಲಿ ಅದೇ ತಳಿಯನ್ನು ‘ಜೆಂಬರ್’ ಎಂದು ಕರೆಯುತ್ತಾರೆ. ಬಾಳೆಹೊನ್ನೂರಿನಲ್ಲಿ ಹುಟ್ಟಿದ ಮಗುವಿಗೆ ಪರದೇಶದಲ್ಲಿ ಇನ್ನೊಂದು ಊರಿನ ಹೆಸರು!

ಹೆಸರಿಲ್ಲದ ಕೈಗಳು

ತೋಟದ ಇತಿಹಾಸ ಬರೆಯುವಾಗ ಬೀಜ ಹಾಗೂ ಮಾಲೀಕರ ಹೆಸರುಗಳು ಬರುತ್ತವೆ. ಕಾಡು ಕಡಿದು ಗುಂಡಿ ತೋಡಿದವರ ಹೆಸರು ಬರುವುದಿಲ್ಲ. ನಮ್ಮ ಪ್ರದೇಶದವರು ಈ ಭಾಗವನ್ನು ಮರೆಯಲಾಗದು. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದಂತೆಯೇ ಸೇಲಂ ಜಿಲ್ಲೆಯೂ ತೀವ್ರವಾಗಿ ನಲುಗಿತು. ಬಯಲುಸೀಮೆಯ ಬಡ ಜನ ಕೂಲಿಯನ್ನು ಅರಸಿ ಬೆಟ್ಟದ ತೋಟಗಳಿಗೂ, ಕಡಲಾಚೆಯ ಸಿಂಹಳಕ್ಕೂ ಹೋದುದು ಆ ಕಾಲದ ದೊಡ್ಡ ವಲಸೆ.

ಅವರನ್ನು ಕರೆದೊಯ್ಯುತ್ತಿದ್ದವನು ಮೇಸ್ತ್ರಿ. ಅವನು ಮುಂಗಡ ಹಣ ಕೊಡುತ್ತಿದ್ದನು; ಆ ಸಾಲ ತೀರುವವರೆಗೆ ಕೂಲಿಯವರು ಲೈನ್ ಮನೆಗಳಲ್ಲಿ ಇದ್ದು ದುಡಿಯಬೇಕಾಗಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು 1859ರ ಕರಾರುಭಂಗ ಕಾಯಿದೆಯಡಿ ಜೈಲಿಗೆ ಕಳಿಸಬಹುದಾಗಿತ್ತು. ಆ ಕಾಯಿದೆ ರದ್ದಾದದ್ದು 1925ರಲ್ಲಿ. ತೋಟದ ಕಾರ್ಮಿಕರಿಗೆ ವಸತಿ, ವೈದ್ಯಕೀಯ ನೆರವು, ಮಕ್ಕಳ ಶಿಕ್ಷಣ ಇವನ್ನು ಕಡ್ಡಾಯಗೊಳಿಸಿದ ಕಾನೂನು ಬಂದದ್ದು ಸ್ವಾತಂತ್ರ್ಯಾನಂತರ, 1951ರಲ್ಲಿ. ಇಂದಿನ ದುಬಾರಿ ಪೊಟ್ಟಣದ ಮೇಲೆ ತೋಟದ ಹೆಸರು, ಎತ್ತರ, ತಳಿ ಇವೆಲ್ಲ ಇರುತ್ತವೆ. ಹಣ್ಣು ಕಿತ್ತವರು ಯಾವ ಊರಿನಿಂದ ಬಂದವರು, ಅವರಿಗೆ ದಿನಗೂಲಿ ಎಷ್ಟು ಸಂದಿತು ಎಂಬುದು ಬಹುತೇಕ ಇರುವುದಿಲ್ಲ. ಮೂಲ ಎಂಬ ಮಾತಿಗೆ ಪೂರ್ಣ ಅರ್ಥ ಬರಬೇಕಾದರೆ ಆ ಎರಡು ಸಾಲುಗಳೂ ಬೇಕೆಂಬುದು ನಮ್ಮ ಅಭಿಪ್ರಾಯ.

ಎಲ್ಲವೂ ಒಂದೇ ರಾಶಿಯಾದ ಕಾಲ

ಎರಡನೆಯ ಮಹಾಯುದ್ಧ ಆರಂಭವಾದೊಡನೆ ಯುರೋಪಿನ ಮಾರುಕಟ್ಟೆ ಮುಚ್ಚಿತು. ಬೆಳೆ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟರು. 1940ರ ಸುಗ್ರೀವಾಜ್ಞೆ, ಬಳಿಕ 1942ರ ಕಾಫಿ ಕಾಯಿದೆಗಳ ಮೂಲಕ ಕಾಫಿ ಮಂಡಳಿ ಅಸ್ತಿತ್ವಕ್ಕೆ ಬಂದು ‘ಪೂಲ್’ ಪದ್ಧತಿ ಜಾರಿಯಾಯಿತು. ಬೆಳೆಗಾರನು ಮನೆ ಬಳಕೆಗೂ ಬಿತ್ತನೆಗೂ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕ ಬೆಳೆಯನ್ನೆಲ್ಲ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಅದನ್ನು ದರ್ಜೆಯಂತೆ ವಿಂಗಡಿಸಿ ಹರಾಜು ಮಾಡಿ ಹಣವನ್ನು ಕಂತುಗಳಲ್ಲಿ ಕೊಡುವುದು.

ಈ ಪದ್ಧತಿ ಸಣ್ಣ ಬೆಳೆಗಾರನನ್ನು ಬದುಕಿಸಿತೆಂಬುದನ್ನು ಒಪ್ಪಲೇಬೇಕು. ಆದರೆ ಪೂಲ್‌ನಲ್ಲಿ ಬಿದ್ದ ಬೀಜಕ್ಕೆ ಊರಿರಲಿಲ್ಲ. ಒಂದು ತೋಟದವನು ಕೆಂಪು ಹಣ್ಣನ್ನೇ ಆರಿಸಿ ಕಿತ್ತು, ಚೆನ್ನಾಗಿ ಪಲ್ಪ್ ಮಾಡಿ, ಕಣದಲ್ಲಿ ಹದವಾಗಿ ಒಣಗಿಸಿದ್ದರೂ ಅವನ ಬೀಜ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇತರರ ಬೀಜದೊಂದಿಗೆ ಸೇರಿಹೋಗುತ್ತಿತ್ತು. ಉಳಿದದ್ದು ದರ್ಜೆಯ ಹೆಸರುಗಳು: ಪ್ಲಾಂಟೇಷನ್ ಎ, ಪೀಬರಿ, ಅರೇಬಿಕ ಚೆರಿ, ರೋಬಸ್ಟಾ ಚೆರಿ. ‘ಎಎ’ ಎಂದರೆ 7.10 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲುವ ಬೀಜ, ‘ಎ’ ಎಂದರೆ 6.65 ಮಿಲಿಮೀಟರ್ ಜರಡಿಯದು. ನಮ್ಮ ಪುಡಿ ಅಂಗಡಿಗಳಲ್ಲಿ ಇಂದಿಗೂ ‘ಅರ್ಧ ಪೀಬರಿ, ಅರ್ಧ ಪ್ಲಾಂಟೇಷನ್ ಎ’ ಎಂದು ಕೇಳುವ ವಾಡಿಕೆ ಈ ಕಾಲದಿಂದ ಗಟ್ಟಿಯಾದದ್ದು. ಇದು ಬೀಜದ ಗಾತ್ರ ಹಾಗೂ ಆಕಾರದ ಭಾಷೆ, ಬೆಟ್ಟದ ಭಾಷೆಯಲ್ಲ.

1990ರ ದಶಕದಲ್ಲಿ ಈ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಬೆಳೆಗಾರನು ತನ್ನ ಬೆಳೆಯನ್ನು ತಾನೇ ಮಾರುವ ಸ್ವಾತಂತ್ರ್ಯ ಪಡೆದನು. ಆಗಲೇ ತೋಟದ ಹೆಸರು ಮೂಟೆಯ ಮೇಲೆ ಮರಳಿ ಕಾಣತೊಡಗಿತು. 2019ರಲ್ಲಿ ಕೊಡಗು ಅರೇಬಿಕ, ಚಿಕ್ಕಮಗಳೂರು ಅರೇಬಿಕ, ಬಾಬಾಬುಡನ್‌ಗಿರಿ ಅರೇಬಿಕ, ವಯನಾಡು ರೋಬಸ್ಟಾ, ಅರಕು ಕಣಿವೆ ಅರೇಬಿಕ ಎಂಬ ಐದು ಕಾಫಿಗಳಿಗೆ ಭೌಗೋಳಿಕ ಸೂಚಿಕೆ, ಎಂದರೆ ಜಿಐ ಮಾನ್ಯತೆ ದೊರೆಯಿತು. ಕಡಲ ಗಾಳಿಯಲ್ಲಿ ಹದಗೊಳ್ಳುವ ಮಾನ್ಸೂನ್ಡ್ ಮಲಬಾರ್ ಕಾಫಿಗೆ ಅದಕ್ಕೂ ಮೊದಲೇ ಆ ಮಾನ್ಯತೆ ಇತ್ತು. ನಮ್ಮ ಹಳೆಯ ಜಿಲ್ಲೆಯ ಸೇರ್ವರಾಯನ್ ಬೆಟ್ಟದ ಹೆಸರು 2019ರ ಆ ಐವರ ಪಟ್ಟಿಯಲ್ಲಿಲ್ಲ.

ಇಂದು ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯುದ್ದಕ್ಕೂ ‘ಕುಂಭಕೋಣಂ ಡಿಗ್ರಿ ಕಾಫಿ’ ಎಂಬ ಫಲಕಗಳು ಕಾಣುತ್ತವೆ. ಹಿತ್ತಾಳೆಯ ಲೋಟ, ಬಟ್ಟಲುಗಳಲ್ಲಿ ನೊರೆಯೆದ್ದ ಕಾಫಿ ಸೊಗಸಾಗಿಯೇ ಇರುತ್ತದೆ. ಆದರೆ ಕುಂಭಕೋಣದಲ್ಲಿ ಕಾಫಿ ಬೆಳೆಯುವುದಿಲ್ಲ. ಅದು ಕಾವೇರಿಯ ಬತ್ತದ ಬಯಲು. ನೀರು ಬೆರೆಸದ ಹಾಲಿನ ಅಳತೆಯಿಂದ ‘ಡಿಗ್ರಿ’ ಎಂಬ ಮಾತು ಬಂದಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಅಲ್ಲಿಗೆ ಹೆದ್ದಾರಿಯ ಕಾಫಿಗೆ ಹೆಸರು ಕೊಟ್ಟದ್ದು ಬೀಜವಲ್ಲ, ಹಾಲು ಮತ್ತು ಕಾಸುವ ಹದ. ಮೋಕಾದ ಕಥೆ ಬೇರೆ ರೂಪದಲ್ಲಿ ಮತ್ತೆ ನಡೆದಿದೆ.

ಮನೆಯ ಡಬ್ಬದಲ್ಲಿ ಇದ್ದದ್ದು

ಕೆಫೀನ್ ತೆಗೆದ ಕಾಫಿಯ ವಿಷಯಕ್ಕೆ ಬರುವ ಮೊದಲು ನಮ್ಮ ಮನೆಗಳಲ್ಲಿ ಕೆಫೀನ್ ಕಡಿಮೆ ಮಾಡುತ್ತಿದ್ದ ಹಳೆಯ ಉಪಾಯಗಳನ್ನು ನೆನೆಯಬೇಕು. ಅವುಗಳಲ್ಲಿ ಮೊದಲನೆಯದು ಚಿಕೋರಿ. ಅದು ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಹುರಿದು ಪುಡಿಮಾಡಿದರೆ ಕಪ್ಪು ಬಣ್ಣ, ಗಟ್ಟಿ ಡಿಕಾಕ್ಷನ್, ಸ್ವಲ್ಪ ಸಿಹಿಗಹಿ. ಅದರಲ್ಲಿ ಕೆಫೀನ್ ಇಲ್ಲ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದೆಂದು ನಮ್ಮ ದೇಶದ ಆಹಾರ ನಿಯಮ ಹೇಳುತ್ತದೆ. ಅಂದರೆ ಮಿಶ್ರಣದ ಪುಡಿಯಲ್ಲಿ ಸುಮಾರು ಅರ್ಧದವರೆಗೂ ಚಿಕೋರಿಯೇ ಇರಬಹುದು. ಕೆಫೀನ್ ಆ ಮಟ್ಟಿಗೆ ಕಡಿಮೆ. ಅಗ್ಗಕ್ಕಾಗಿ ಬೆರೆಸಿದ್ದು ತಿಳಿಯದೆಯೇ ಅರ್ಧ ಡಿಕ್ಯಾಫ್ ಆಗಿತ್ತು.

ಎರಡನೆಯದು ಕಾಫಿಯೇ ಇಲ್ಲದ ಕಾಫಿಗಳು. ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿಮಾಡಿ ಬೆಲ್ಲದೊಡನೆ ಕುದಿಸಿ ಹಾಲು ಬೆರೆಸುವ ಕಷಾಯ ಕನ್ನಡದ ಮನೆಗಳದು. ನಮ್ಮ ತಮಿಳು ನೆರೆಯವರ ಮನೆಗಳಲ್ಲಿ ಒಣಶುಂಠಿ, ತಾಳೆಬೆಲ್ಲಗಳ ಸುಕ್ಕು ಕಾಪಿ. ನೆಗಡಿಯಾದಾಗ, ಬಾಣಂತನದಲ್ಲಿ, ರಾತ್ರಿಯ ಹೊತ್ತು ಇವೇ ಕಾಫಿಯ ಸ್ಥಾನದಲ್ಲಿ ನಿಂತವು. ಕಾಫಿ ಕುಡಿಯುವುದು ಕೆಟ್ಟ ಚಟವೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಅನೇಕ ಹಿರಿಯರು ಬೈದದ್ದುಂಟು. ಆ ವಿವಾದದ ಚರಿತ್ರೆಯನ್ನು ತಮಿಳು ಸಮಾಜದ ಮಟ್ಟಿಗೆ ಎ.ಆರ್. ವೆಂಕಟಾಚಲಪತಿ ಅವರು ವಿದ್ವತ್ಪೂರ್ಣವಾಗಿ ಬರೆದಿದ್ದಾರೆ. ಬೈಗುಳ ಮರೆತುಹೋಯಿತು, ಕಾಫಿ ಉಳಿಯಿತು.

ಕೆಫೀನ್ ತೆಗೆದವರ ಕಥೆ

ಕೆಫೀನನ್ನು ಮೊದಲು ಬೇರ್ಪಡಿಸಿದವನು ಜರ್ಮನಿಯ ರಸಾಯನ ಶಾಸ್ತ್ರಜ್ಞ ಫ್ರೀಡ್‌ಲೀಬ್ ರುಂಗೆ. 1819ರಲ್ಲಿ ಮಹಾಕವಿ ಗಯಟೆ ಈ ತರುಣನಿಗೆ ಒಂದಿಷ್ಟು ಕಾಫಿ ಬೀಜ ಕೊಟ್ಟು ಪರೀಕ್ಷಿಸಲು ಸೂಚಿಸಿದನೆಂಬುದು ಪ್ರಸಿದ್ಧ ಸಂಗತಿ. ಆ ಬಳಿಕ ಸುಮಾರು ಎಂಬತ್ತೈದು ವರ್ಷಗಳಿಗೆ ಬ್ರೆಮೆನ್ ನಗರದ ವರ್ತಕ ಲುಡ್ವಿಗ್ ರೋಸೆಲಿಯಸ್ ಅದನ್ನು ವ್ಯಾಪಾರವಾಗಿಸಿದನು. ಸಮುದ್ರದ ನೀರಿನಲ್ಲಿ ನೆನೆದು ಬಂದ ಮೂಟೆಗಳ ಬೀಜದಲ್ಲಿ ಕೆಫೀನ್ ಕಡಿಮೆಯಾಗಿಯೂ ರುಚಿ ಉಳಿದಿದ್ದುದೇ ಅವನ ಪ್ರಯೋಗಗಳಿಗೆ ಪ್ರೇರಣೆಯೆಂದು ಹೇಳುತ್ತಾರೆ. 1906ರಲ್ಲಿ ‘ಕಾಫೆ ಹಾಗ್’ ಕಂಪನಿ ಸ್ಥಾಪನೆಯಾಯಿತು. ಆವಿಯಲ್ಲಿ ಉಬ್ಬಿಸಿದ ಬೀಜದಿಂದ ಬೆಂಜೀನ್ ಎಂಬ ದ್ರಾವಕದಿಂದ ಕೆಫೀನ್ ತೆಗೆಯುವುದು ಅವನ ವಿಧಾನ. ಬೆಂಜೀನ್ ವಿಷವೆಂದು ತಿಳಿದ ಬಳಿಕ ಅದನ್ನು ಕೈಬಿಟ್ಟು ಬೇರೆ ದ್ರಾವಕಗಳನ್ನು ಬಳಸಿದರು.

ಇಂದು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಮೊದಲನೆಯದು ಮಿಥಿಲೀನ್ ಕ್ಲೋರೈಡ್ ದ್ರಾವಕ. ಎರಡನೆಯದು ಈಥೈಲ್ ಅಸಿಟೇಟ್. ಕೊಲಂಬಿಯದಲ್ಲಿ ಇದನ್ನು ಕಬ್ಬಿನಿಂದ ತಯಾರಿಸುವುದರಿಂದ ‘ಕಬ್ಬಿನ ಡಿಕ್ಯಾಫ್’ ಎಂಬ ಹೆಸರು. ಮೂರನೆಯದು ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡು ಈಗ ಕೆನಡಾದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುವ ನೀರಿನ ವಿಧಾನ. ನೀರಿನಲ್ಲಿ ನೆನೆಸಿದರೆ ಕೆಫೀನಿನೊಡನೆ ರುಚಿಯ ಅಂಶವೂ ಕರಗಿಹೋಗುತ್ತದೆ. ಅದನ್ನು ತಡೆಯಲು ಕಾಫಿಯ ರುಚಿಯ ಅಂಶಗಳಿಂದ ಮೊದಲೇ ತುಂಬಿದ ನೀರಿನಲ್ಲಿ ಬೀಜವನ್ನು ನೆನೆಸುತ್ತಾರೆ. ಆಗ ಕೆಫೀನ್ ಮಾತ್ರ ಹೊರಬರುತ್ತದೆ, ಇದ್ದಿಲಿನ ಸೋಸುಗದಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ನಾಲ್ಕನೆಯದು ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡ್. 1960ರ ದಶಕದಲ್ಲಿ ಜರ್ಮನಿಯ ಕುರ್ಟ್ ಝೋಸೆಲ್ ಇದನ್ನು ಕಂಡುಹಿಡಿದನು. ನಾಲ್ಕರಲ್ಲಿಯೂ ಹಸಿ ಬೀಜದಿಂದಲೇ ಕೆಫೀನ್ ತೆಗೆಯುತ್ತಾರೆ, ಹುರಿಯುವುದು ಆಮೇಲೆ. ಯುರೋಪಿನ ನಿಯಮದಂತೆ ಹುರಿದ ಡಿಕ್ಯಾಫ್ ಕಾಫಿಯಲ್ಲಿ ಕೆಫೀನ್ ಶೇ. 0.1ನ್ನು ಮೀರಕೂಡದು. ಸಾಧಾರಣ ಅರೇಬಿಕದಲ್ಲಿ ಅದು ಸುಮಾರು ಶೇ. 1.2, ರೋಬಸ್ಟಾದಲ್ಲಿ ಸುಮಾರು ಶೇ. 2.2. ಆದ್ದರಿಂದ ಡಿಕ್ಯಾಫ್ ಎಂದರೆ ಕೆಫೀನ್ ಪೂರ್ಣ ಇಲ್ಲವೆಂದಲ್ಲ, ತೀರ ಅಲ್ಪವೆಂದರ್ಥ.

ಪ್ರಕೃತಿಯೇ ಕೆಫೀನ್ ಇಡದ ಕಾಫಿ ಗಿಡಗಳೂ ಉಂಟು. ಮಡಗಾಸ್ಕರಿನ ಕಾಡುಗಳಲ್ಲಿ ಅಂಥವು ಹಲವಿವೆ. ನಮ್ಮ ಪಶ್ಚಿಮ ಘಟ್ಟಗಳ ಕಾಡುಕಾಫಿಗಳಾದ ಟ್ರಾವಂಕೊರೆನ್ಸಿಸ್, ವೈಟಿಯಾನ ಹಾಗೂ ಪೂರ್ವ ಭಾರತದ ಬೆಂಗಾಲೆನ್ಸಿಸ್ ಪ್ರಭೇದಗಳಲ್ಲಿಯೂ ಕೆಫೀನ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅವುಗಳ ಪಾನೀಯದಲ್ಲಿ ಕಾಫಿಯ ಸೊಗಸಿಲ್ಲವಾದ್ದರಿಂದ ತೋಟಕ್ಕೆ ಬರಲಿಲ್ಲ. 2004ರಲ್ಲಿ ಬ್ರೆಜಿಲಿನ ವಿಜ್ಞಾನಿಗಳು ಇಥಿಯೋಪಿಯ ಮೂಲದ ಅರೇಬಿಕ ಗಿಡಗಳಲ್ಲಿಯೇ ಸಹಜವಾಗಿ ಕೆಫೀನ್ ಅತ್ಯಲ್ಪವಿರುವ ಕೆಲವನ್ನು ಗುರುತಿಸಿದರು.

ಆರಿಸುವುದು, ರುಚಿ ನೋಡುವುದು

ಡಿಕ್ಯಾಫ್ ಕಾಫಿಗೆ ಕೆಟ್ಟ ಹೆಸರು ಬರಲು ಚಾರಿತ್ರಿಕ ಕಾರಣವಿದೆ. ಕೆಫೀನ್ ತೆಗೆಯುವಾಗ ಹೇಗೂ ರುಚಿ ಕುಂದುವುದೆಂದು ವ್ಯಾಪಾರಿಗಳು ಬಹುಕಾಲ ಅಗ್ಗದ ಬೀಜವನ್ನೇ ಅದಕ್ಕೆ ಬಳಸಿದರು. ದೋಷ ಮರೆಸಲು ಕಪ್ಪಗೆ ಹುರಿದರು. ಇನ್ನೊಂದು ಕಾರಣ ಯಂತ್ರದ ಗಾತ್ರ. ಕೆಫೀನ್ ತೆಗೆಯುವ ಕಾರ್ಖಾನೆಗೆ ಒಮ್ಮೆಗೆ ದೊಡ್ಡ ರಾಶಿ ಬೇಕು. ಸಣ್ಣ ತೋಟದ ಕೆಲವು ಮೂಟೆ ಅದಕ್ಕೆ ಸಾಲದು. ಆದ್ದರಿಂದ ಹಲವು ಊರುಗಳ ಬೀಜ ಅಲ್ಲಿ ಮತ್ತೆ ಬೆರೆಯುತ್ತದೆ. ಪೂಲ್ ಹೋದರೂ ಡಿಕ್ಯಾಫ್ ಮಾತ್ರ ತನ್ನದೇ ಆದ ಪೂಲ್‌ನಲ್ಲಿ ಉಳಿಯಿತು. ಒಂದೇ ತೋಟದ ಒಳ್ಳೆಯ ಅರೇಬಿಕವನ್ನು ಕೆಫೀನ್ ತೆಗೆದು ಅದೇ ತೋಟದ ಹೆಸರಿನಲ್ಲಿ ಮಾರುವುದು ಅಪರೂಪವೂ ದುಬಾರಿಯೂ ಆಗಿರುವುದು ಇದರಿಂದಲೇ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಯಾವ ಪ್ರದೇಶ, ಯಾವ ತೋಟ? ಅರೇಬಿಕವೋ ರೋಬಸ್ಟಾವೋ? ಯಾವ ವಿಧಾನದಿಂದ ಕೆಫೀನ್ ತೆಗೆದದ್ದು? ಹುರಿದ ದಿನಾಂಕ ಯಾವುದು? ಚಿಕೋರಿ ಇದೆಯೇ? ಇವುಗಳಲ್ಲಿ ಮೂರಕ್ಕಾದರೂ ಪೊಟ್ಟಣದಲ್ಲಿ ಉತ್ತರ ಇಲ್ಲದಿದ್ದರೆ ‘ಸಿಂಗಲ್ ಒರಿಜಿನ್’ ಎಂಬುದು ಬರಿಯ ಅಲಂಕಾರ. ಡಿಕ್ಯಾಫ್ ಬೀಜ ಹುರಿಯುವ ಮೊದಲೇ ಕಂದುಬಣ್ಣಕ್ಕೆ ತಿರುಗಿರುತ್ತದೆ. ಹುರಿದ ಮೇಲೆ ಬೇಗನೆ ಎಣ್ಣೆ ಬಿಡುತ್ತದೆ, ಬೇಗನೆ ಹಳಸುತ್ತದೆ. ಆದ್ದರಿಂದ ಬಣ್ಣ ನೋಡಿ ಅಳೆಯಬಾರದು. ಸ್ವಲ್ಪವೇ ಕೊಂಡು ಬೇಗ ಮುಗಿಸಬೇಕು.

ರುಚಿ ನೋಡುವ ವೃತ್ತಿಪರರ ಕ್ರಮವನ್ನು ನಮ್ಮ ಸಂಘದ ಕೆಲವು ಮನೆಯವರು ಸೇರಿ ಅನುಸರಿಸಿ ನೋಡಿದೆವು. 150 ಮಿಲಿಲೀಟರ್ ನೀರಿಗೆ ಎಂಟು ಗ್ರಾಮಿಗಿಂತ ತುಸು ಹೆಚ್ಚು ತರಿಪುಡಿ. ನೀರಿನ ಬಿಸಿ ಸುಮಾರು 93 ಡಿಗ್ರಿ. ಹೊಸೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಹೆಚ್ಚು ಕಾಯಬೇಕಾಗಲಿಲ್ಲ. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ವಾಸನೆ ನೋಡಿ, ತಿಳಿಯಾದ ಮೇಲೆ ಸುರ್ರೆಂದು ಹೀರಿ ನೋಡಬೇಕು. ಹಾಲಿಲ್ಲ, ಸಕ್ಕರೆಯಿಲ್ಲ. ಬಾಬಾಬುಡನ್‌ಗಿರಿಯ ಅರೇಬಿಕ, ಚಿಕ್ಕಮಗಳೂರಿನ ಒಂದೇ ತೋಟದ ಡಿಕ್ಯಾಫ್ ಅರೇಬಿಕ, ನಮ್ಮ ಮನೆಗಳ ನಿತ್ಯದ ಚಿಕೋರಿ ಮಿಶ್ರಣ, ಈ ಮೂರನ್ನು ಹೆಸರು ಹೇಳದೆ ಸಾಲಾಗಿ ಇಟ್ಟೆವು.

ಮೊದಲನೆಯದರಲ್ಲಿ ಹಣ್ಣಿನ ಹುಳಿಯ ನವಿರು ಸ್ಪಷ್ಟವಾಗಿತ್ತು. ಡಿಕ್ಯಾಫ್‌ನಲ್ಲಿ ಆ ಹುಳಿ ಮಂದವಾಗಿ ಬೆಲ್ಲದ ಪಾಕದ ಸಿಹಿ ಹಾಗೂ ಹುರಿದ ಕಾಳಿನ ಪರಿಮಳ ಮುಂದೆ ಬಂದಿತು. ನಾಲಗೆಯ ಮೇಲೆ ಭಾರ ಕಡಿಮೆ. ಚಿಕೋರಿ ಮಿಶ್ರಣವನ್ನು ಹಾಲಿಲ್ಲದೆ ಕುಡಿದವರೆಲ್ಲ ಮುಖ ಸಿಂಡರಿಸಿದರು. ಆದರೆ ಅದೇ ಮೂರನ್ನು ಫಿಲ್ಟರಿಗೆ ಹಾಕಿ ಹಾಲು ಬೆರೆಸಿದಾಗ ತೀರ್ಪು ತಲೆಕೆಳಗಾಯಿತು. ಚಿಕೋರಿ ಮಿಶ್ರಣಕ್ಕೇ ಹೆಚ್ಚು ಮತ ಬಿತ್ತು. ಡಿಕ್ಯಾಫ್ ಹಾಲಿನಲ್ಲಿ ತೇಲಿಹೋಯಿತು. ಪುಡಿಯನ್ನು ಸುಮಾರು ಕಾಲು ಭಾಗ ಹೆಚ್ಚಿಸಿ ಮತ್ತೆ ಇಳಿಸಿದ ಗಟ್ಟಿ ಡಿಕಾಕ್ಷನ್ನಿನಲ್ಲಿ ಮಾತ್ರ ಅದು ನಿಂತಿತು. ಹೃದಯದ ತೊಂದರೆಯಿಂದ ಹಲವು ವರ್ಷ ಕಾಫಿ ಬಿಟ್ಟಿದ್ದ, ವೈದ್ಯರ ಒಪ್ಪಿಗೆ ಪಡೆದು ಬಂದಿದ್ದ ಒಬ್ಬ ಅಜ್ಜಿ ಆ ಲೋಟವನ್ನು ಪೂರ್ತಿ ಕುಡಿದು, ‘ಪರವಾಗಿಲ್ಲ, ಇದು ಕಾಫಿನೇ’ ಎಂದರು. ಕಾಫಿಯ ಕಹಿಯಲ್ಲಿ ಕೆಫೀನಿನ ಪಾಲು ಅಲ್ಪವೆಂದು ರಸಾಯನ ಶಾಸ್ತ್ರ ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನಮಗೆ ದೊರೆಯಲಿಲ್ಲ.

ಕಾಫಿ ಎಂಬುದು ನಮ್ಮ ಮನೆಗಳಲ್ಲಿ ಕೇವಲ ಪಾನೀಯವಲ್ಲ. ಬಂದವರಿಗೆ ‘ಕಾಫಿ ತಗೊಳ್ಳಿ’ ಎನ್ನುವುದು ಮರ್ಯಾದೆ. ಅದನ್ನು ಬಿಟ್ಟ ಹಿರಿಯರು ಎಲ್ಲರ ನಡುವೆ ಖಾಲಿ ಕೈಯಲ್ಲಿ ಕೂರುತ್ತಾರೆ. ಗರ್ಭಿಣಿಯರು ದಿನಕ್ಕೆ 300 ಮಿಲಿಗ್ರಾಮಿಗಿಂತ ಹೆಚ್ಚು ಕೆಫೀನ್ ಸೇವಿಸುತ್ತಿದ್ದರೆ ಕಡಿಮೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ಮಾಡಿದೆ. ಇಂಥವರ ಪಾಲಿಗೆ ಒಳ್ಳೆಯ ಡಿಕ್ಯಾಫ್ ಐಷಾರಾಮವಲ್ಲ. ಪಂಕ್ತಿಯಲ್ಲಿ ಮತ್ತೆ ದೊರೆತ ಜಾಗ.

ಮುಂದೆ ಮಾಡಬೇಕಾದದ್ದು

ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಅದರ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ. ಬಿಳಿಗಿರಿ ಬೆಟ್ಟದ ಸೋಲಿಗರು ಕಾಡಿನ ನೆರಳಲ್ಲಿ ಬೆಳೆಯುವ ಕಾಫಿ, ಸೇರ್ವರಾಯನ್ ಬೆಟ್ಟದ ಕಾಫಿ ಇವೆರಡೂ ನಮಗೆ ಸಮೀಪದವು. ಅವುಗಳ ಹೆಸರನ್ನು ಕೇಳಿ ಕೊಳ್ಳುವ ಗಿರಾಕಿಗಳು ಹೊಸೂರಿನಲ್ಲಿ, ಕೃಷ್ಣಗಿರಿಯಲ್ಲಿ ಹೆಚ್ಚಿದರೆ ಇಲ್ಲಿನ ಪುಡಿ ಅಂಗಡಿಗಳೂ ಆ ಹೆಸರುಗಳನ್ನು ಬರೆದು ಇಡುತ್ತವೆ.

ಇದರೊಡನೆ ಇನ್ನೊಂದು ಕೆಲಸ ಸಂಘದ ಸದಸ್ಯರೇ ಮಾಡಬೇಕಾದದ್ದು. ಮಾಲೀಕರ ಕಥೆಯನ್ನು ಎಲಿಯಟ್‌ನಂಥವರು ಬರೆದಿಟ್ಟರು. ನಮ್ಮ ಸೀಮೆಯಿಂದ ತೋಟಗಳಿಗೆ ದುಡಿಯಲು ಹೋದವರ ಕಥೆ, ನಮ್ಮ ಮನೆಗಳಿಗೆ ಕಾಫಿ ಮೊದಲು ಬಂದ ವರ್ಷ, ಅದಕ್ಕೂ ಮೊದಲು ಬೆಳಗ್ಗೆ ಕುಡಿಯುತ್ತಿದ್ದ ರಾಗಿ ಗಂಜಿಯ ನೆನಪು ಇವೆಲ್ಲ ಎಂಬತ್ತು ದಾಟಿದ ತಾತ, ಅಜ್ಜಿಯರ ಬಾಯಲ್ಲಿ ಮಾತ್ರ ಇವೆ. ಅವರೊಡನೆ ಕುಳಿತು ಕೇಳಿ, ಊರು ಮತ್ತು ಇಸವಿಗಳೊಡನೆ ಬರೆದು ಸಂಘಕ್ಕೆ ಒಪ್ಪಿಸಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ. ಕೇಳಲು ಹೋಗುವಾಗ ಒಂದು ಲೋಟ ಒಳ್ಳೆಯ ಡಿಕ್ಯಾಫ್ ಕಾಫಿ ಕೊಂಡೊಯ್ದರೆ ಅವರೂ ಹೆಚ್ಚು ಹೊತ್ತು ಮಾತನಾಡುತ್ತಾರೆ, ರಾತ್ರಿ ನಿದ್ದೆಯನ್ನೂ ಮಾಡುತ್ತಾರೆ.